ಒಂದೇ ಗಡ್ಡೆ, ಎರಡು ಲ್ಯಾಬ್, ಎರಡು ಸಂಖ್ಯೆ: ಯಾವುದನ್ನು ನಂಬುವುದು?

ಪ್ರಶ್ನೆ: ನಾವು ಕುಂದಾಪುರದ ಹತ್ತಿರದವರು. ಅಮ್ಮನಿಗೆ 58 ವರ್ಷ. ಮೂರು ನಾಲ್ಕು ವರ್ಷದಿಂದ ಆಗಾಗ ಭೇದಿ ಆಗುತ್ತದೆ. ಗ್ಯಾಸ್ಟ್ರಿಕ್ ಅಂತ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋದ ತಿಂಗಳು ಸ್ಕ್ಯಾನಿಂಗ್ ಮಾಡಿದಾಗ ಲಿವರ್‌ನಲ್ಲಿ ಗಡ್ಡೆಗಳು ಕಂಡವು. ಸೂಜಿ ಹಾಕಿ ಬಯಾಪ್ಸಿ ತೆಗೆದರು. ಮೊದಲ ಲ್ಯಾಬ್‌ನವರು "ನ್ಯೂರೋಎಂಡೋಕ್ರೈನ್ ಟ್ಯೂಮರ್, ಗ್ರೇಡ್ 1, ಕಿ-67 ಶೇ. 2" ಎಂದು ಬರೆದರು. ಸಮಾಧಾನ ಆಗದೆ ಅದೇ ಬಯಾಪ್ಸಿಯನ್ನು ಮಂಗಳೂರಿನ ಇನ್ನೊಂದು ಲ್ಯಾಬ್‌ಗೆ ಕೊಟ್ಟೆವು. ಅಲ್ಲಿಂದ "ಗ್ರೇಡ್ 2, ಕಿ-67 ಶೇ. 6, ಮೂಲ ಸಣ್ಣ ಕರುಳು ಇರಬಹುದು" ಎಂದು ಬಂತು. ಇಬ್ಬರಲ್ಲಿ ಒಬ್ಬರು ತಪ್ಪಲ್ವಾ? ಲಿವರ್‌ನ ಚೂರು ನೋಡಿ ಕರುಳು ಅಂತ ಹೇಗೆ ಹೇಳುತ್ತಾರೆ? ರಕ್ತದಲ್ಲಿ ಕ್ರೋಮೋಗ್ರಾನಿನ್ ತುಂಬ ಜಾಸ್ತಿ ಬಂದಿದೆ, ಅದಕ್ಕೆ ಎಷ್ಟು ಹೆದರಬೇಕು? ಇನ್ನೊಂದು, ನ್ಯೂರೋ ಅಂದರೆ ಮೆದುಳಿಗೂ ಸಂಬಂಧ ಉಂಟಾ?

ಉತ್ತರ: ಕೊನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸುತ್ತೇನೆ. ಮೆದುಳಿಗೂ ಇದಕ್ಕೂ ಸಂಬಂಧ ಇಲ್ಲ. 2018ರಲ್ಲಿ ನಟ ಇರ್ಫಾನ್ ಖಾನ್ ತಮಗೆ ಇದೇ ಕಾಯಿಲೆ ಇದೆ ಎಂದು ತಿಳಿಸಿದಾಗ ತುಂಬ ಜನ ಮೆದುಳಿನ ಗಡ್ಡೆ ಅಂದುಕೊಂಡರು. ನ್ಯೂರೋ ಅಂದರೆ ಯಾವಾಗಲೂ ಮೆದುಳಲ್ಲ ಎಂದು ಅವರೇ ಬರೆಯಬೇಕಾಯಿತು. ನಮ್ಮ ಜಠರ, ಕರುಳು, ಪ್ಯಾಂಕ್ರಿಯಾಸ್, ಶ್ವಾಸಕೋಶ ಇಲ್ಲೆಲ್ಲ ಅಲ್ಲೊಂದು ಇಲ್ಲೊಂದು ಚದುರಿಕೊಂಡು ಕೆಲವು ವಿಶೇಷ ಕೋಶಗಳಿವೆ. ನರಕೋಶಗಳ ಹಾಗೆ ಒಳಗೆ ಸಣ್ಣ ಸಣ್ಣ ಕಾಳುಗಳನ್ನು ಕೂಡಿಟ್ಟುಕೊಂಡಿರುತ್ತವೆ, ಗ್ರಂಥಿಗಳ ಹಾಗೆ ಹಾರ್ಮೋನ್ ಬಿಡುತ್ತವೆ. ಅದಕ್ಕೇ ಈ ಜೋಡಿ ಹೆಸರು. ಆ ಕೋಶಗಳಿಂದ ಎದ್ದ ಗಡ್ಡೆಯೇ ಇದು.

ಈಗ ಇಬ್ಬರಲ್ಲಿ ಯಾರು ತಪ್ಪು ಎನ್ನುವ ವಿಷಯ. ಇಬ್ಬರೂ ಸರಿ ಇರಬಹುದು. ಹೇಗೆ ಅಂತ ಗೊತ್ತಾಗಬೇಕಾದರೆ ಅಮ್ಮನ ಚೂರು ಲ್ಯಾಬ್‌ಗೆ ಬಂದ ಮೇಲೆ ಅದಕ್ಕೆ ಏನೇನಾಗುತ್ತದೆ ಅಂತ ನೋಡಬೇಕು.

ಸೂಜಿಯಲ್ಲಿ ಸಿಗುವುದು ಶ್ಯಾವಿಗೆಯ ಎಳೆಯಷ್ಟು ದಪ್ಪದ, ಒಂದು ಒಂದೂವರೆ ಸೆಂಟಿಮೀಟರ್ ಉದ್ದದ ಚೂರು. ಅದನ್ನು ತೆಗೆದ ತಕ್ಷಣ ಫಾರ್ಮಲಿನ್‌ಗೆ, ಅಂದರೆ ಚೂರು ಕೆಡದಂತೆ ಕಾಪಾಡುವ ದ್ರವಕ್ಕೆ ಹಾಕಬೇಕು. ಇಲ್ಲೇ ಎಷ್ಟೋ ಸಲ ಎಡವಟ್ಟಾಗುತ್ತದೆ. ಒಮ್ಮೆ ದೂರದ ಒಂದು ಆಸ್ಪತ್ರೆಯಲ್ಲಿ ಶನಿವಾರ ಸಂಜೆ ತೆಗೆದ ಬಯಾಪ್ಸಿ ಸೋಮವಾರ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಇಂಥ ಚೂರುಗಳನ್ನು ನೋಡಿ ರಿಪೋರ್ಟ್ ಬರೆಯುವ ಪೆಥಾಲಜಿಸ್ಟ್ ಆದ ನನ್ನ ಟೇಬಲ್‌ಗೆ ಬಂತು. ಬಾಟಲಿಯಲ್ಲಿದ್ದದ್ದು ಬರೀ ಸಲೈನ್, ಅಂದರೆ ಉಪ್ಪುನೀರು. ಫಾರ್ಮಲಿನ್ ಮುಗಿದಿತ್ತಂತೆ. ಸ್ಲೈಡ್ ಮಾಡಿ ನೋಡಿದರೆ ಕೋಶಗಳೆಲ್ಲ ನೆನೆದ ಅವಲಕ್ಕಿಯ ಹಾಗೆ ಊದಿ ಒಡೆದಿದ್ದವು. ಆ ರೋಗಿಗೆ ಮತ್ತೊಮ್ಮೆ ಸೂಜಿ ಹಾಕಬೇಕಾಯಿತು. ಎಷ್ಟು ದೊಡ್ಡ ಯಂತ್ರ ಇದ್ದರೂ ಕೊಳೆತ ಚೂರಿನಿಂದ ಉತ್ತರ ಬರುವುದಿಲ್ಲ.

ಸರಿಯಾಗಿ ಬಂದ ಚೂರಿನ ನೀರಿನಂಶ ತೆಗೆದು, ಅದನ್ನು ಮೇಣದಲ್ಲಿ ಹುದುಗಿಸುತ್ತಾರೆ. ಇದೇ ನೀವು ಕೇಳುವ "ಬ್ಲಾಕ್". ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಸಣ್ಣದು, ಪ್ಲಾಸ್ಟಿಕ್ ಕ್ಯಾಸೆಟ್ ಮೇಲೆ ನಂಬರ್ ಇರುತ್ತದೆ. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಮೇಣ ಮೆತ್ತಗಾಗಿ ಬಿಡುತ್ತದೆ. ಹಾಗಾಗಿ ಟೆಕ್ನೀಶಿಯನ್ ಬ್ಲಾಕನ್ನು ಐಸ್ ಮೇಲೆ ಕವುಚಿ ಹಾಕಿ ಗಟ್ಟಿ ಮಾಡಿಕೊಂಡೇ ಕತ್ತರಿಸಬೇಕು. ಒಂದು ಮಿಲಿಮೀಟರನ್ನು ಮುನ್ನೂರು ಪದರ ಮಾಡಿದರೆ ಎಷ್ಟೋ ಅಷ್ಟು ತೆಳ್ಳಗಿನ ಪದರ. ಅದು ರಿಬ್ಬನ್ ಹಾಗೆ ಬ್ಲೇಡಿನಿಂದ ಇಳಿಯುತ್ತದೆ, ಬಿಸಿ ನೀರಿನ ಮೇಲೆ ತೇಲಿಸಿ ಗಾಜಿನ ಸ್ಲೈಡ್‌ಗೆ ಎತ್ತಿಕೊಳ್ಳುತ್ತಾರೆ. ನೀರುದೋಸೆ ಎಬ್ಬಿಸುವುದು ಇದಕ್ಕಿಂತ ಸುಲಭ ಅಂತ ನಮ್ಮ ಟೆಕ್ನೀಶಿಯನ್ ಒಬ್ಬರು ಹೇಳುವುದುಂಟು.

ಗಮನಿಸಿ, ಮೊದಲ ಲ್ಯಾಬ್ ನೋಡಿದ್ದು ಒಂದು ಪದರ. ಎರಡನೆಯವರು ಅದೇ ಬ್ಲಾಕನ್ನು ಮತ್ತೆ ಕತ್ತರಿಸಿ ಕೆಳಗಿನ ಇನ್ನೊಂದು ಪದರ ನೋಡಿರುತ್ತಾರೆ. ಗಡ್ಡೆ ಒಂದೇ ಆದರೂ ಕಣ್ಣಿಗೆ ಬಿದ್ದ ಕೋಶಗಳು ಬೇರೆ.

ಮೊದಲು ಮಾಡುವುದು ಮಾಮೂಲಿ ಬಣ್ಣ, ನೀಲಿ ಮತ್ತು ಗುಲಾಬಿ. ಎಚ್ ಆಂಡ್ ಇ ಅಂತ ನಾವು ಕರೆಯುತ್ತೇವೆ. ನೂರು ವರ್ಷಕ್ಕಿಂತ ಹಳೆಯ ವಿದ್ಯೆ ಇದು. ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ರೋಗನಿರ್ಣಯ ಇಲ್ಲೇ ಮುಗಿಯುತ್ತದೆ. ಬೇರೆ ಕ್ಯಾನ್ಸರ್‌ಗಳಲ್ಲಿ ಕೋಶಗಳು ಹೆಚ್ಚಾಗಿ ಅಡ್ಡಾದಿಡ್ಡಿ, ಒಂದು ದೊಡ್ಡದು, ಒಂದು ಸಣ್ಣದು. ಇವು ಹಾಗಲ್ಲ. ಶಾಲೆಯ ಯೂನಿಫಾರ್ಮ್ ಮಕ್ಕಳ ಹಾಗೆ ಎಲ್ಲ ಒಂದೇ ಗಾತ್ರ, ಗುಂಪು ಗುಂಪಾಗಿ ಅಥವಾ ಸಾಲಾಗಿ ನಿಂತಿರುತ್ತವೆ. ನಡುವೆ ತೆಳ್ಳಗಿನ ರಕ್ತನಾಳಗಳು. ಕೋಶದ ಕೇಂದ್ರವನ್ನು ದೊಡ್ಡದು ಮಾಡಿ ನೋಡಿದರೆ ಒಳಗೆ ಪುಡಿ ಪುಡಿ ಚುಕ್ಕಿ. ಉಪ್ಪು ಮತ್ತು ಕಾಳುಮೆಣಸಿನ ಪುಡಿ ಬೆರೆಸಿ ಚೆಲ್ಲಿದ ಹಾಗೆ ಅಂತ ಪಠ್ಯದಲ್ಲಿ ಓದಿದ್ದೆವು. ನಮ್ಮ ಕಡೆ ಅದಕ್ಕೆ ಒಳ್ಳೆಮೆಣಸು ಅಂತಲೇ ಹೆಸರು, ಆ ಚುಕ್ಕಿ ಕಂಡಾಗೆಲ್ಲ ನನಗೆ ಅಮ್ಮನ ಮಸಾಲೆ ಡಬ್ಬ ನೆನಪಾಗುತ್ತದೆ.

ಇಷ್ಟು ಶಿಸ್ತಾಗಿ ಕಾಣುವುದರಿಂದಲೇ ಹಿಂದಿನವರು ಮೋಸಹೋದರು. 1907ರಲ್ಲಿ ಮ್ಯೂನಿಕ್‌ನ ಪೆಥಾಲಜಿಸ್ಟ್ ಸೀಗ್‌ಫ್ರೀಡ್ ಓಬರ್ನ್‌ಡೋರ್ಫರ್ ಇದಕ್ಕೆ ಕಾರ್ಸಿನಾಯ್ಡ್ ಅಂತ ಹೆಸರಿಟ್ಟರು. ಕ್ಯಾನ್ಸರ್ ಥರ ಕಾಣುತ್ತದೆ, ಆದರೆ ಸಾಧು ಎನ್ನುವ ಅರ್ಥದಲ್ಲಿ. 1929ರಲ್ಲಿ ಅವರೇ, ಇದು ಹರಡಲೂಬಹುದು ಎಂದು ತಿದ್ದಿಕೊಂಡರು. ಆದರೆ ಹಳೆಯ ಹೆಸರಿನ ಗುಂಗು ಹೋಗಿಲ್ಲ. ಇವತ್ತಿಗೂ "ಕಾರ್ಸಿನಾಯ್ಡ್ ಅಲ್ವಾ, ಏನೂ ಆಗುವುದಿಲ್ಲ" ಎನ್ನುವವರಿದ್ದಾರೆ. ನಿಮ್ಮ ಅಮ್ಮನ ವಿಷಯದಲ್ಲಿ ಮುಚ್ಚುಮರೆ ಬೇಡ: ಲಿವರ್‌ಗೆ ಬಂದಿದೆ ಎಂದರೆ ಅದು ಹರಡಿದೆ. ಹರಡಿದ ಕ್ಯಾನ್ಸರ್ ಅಂದ ಕೂಡಲೇ ನಾವು ಊಹಿಸುವ ವೇಗ ಮಾತ್ರ ಇದಕ್ಕಿಲ್ಲ. ಎಷ್ಟು ದೂರ ಹೋಗಿದೆ ಎನ್ನುವುದು ಸ್ಟೇಜ್, ಎಷ್ಟು ಬೇಗ ಬೆಳೆಯುತ್ತಿದೆ ಎನ್ನುವುದು ಗ್ರೇಡ್. ಎರಡನ್ನೂ ಬೆರೆಸಬಾರದು. ಲಿವರ್‌ಗೆ ಹರಡಿದ ಮೇಲೂ ವರ್ಷಗಟ್ಟಲೆ ಓಡಾಡಿಕೊಂಡಿರುವವರು ಈ ಕಾಯಿಲೆಯಲ್ಲಿ ಇದ್ದಾರೆ.

ಎಚ್ ಆಂಡ್ ಇ ನೋಡಿ ಸಂಶಯ ಬಂದ ಮೇಲೆ ಇಮ್ಯುನೋ ಮಾಡುತ್ತೇವೆ. ಒಂದೊಂದು ಪ್ರೋಟೀನನ್ನು ಹುಡುಕಿಕೊಂಡು ಹೋಗಿ ಅಂಟುವ ಆಂಟಿಬಾಡಿ ಹಾಕುತ್ತಾರೆ, ಅದು ಅಂಟಿದ ಕಡೆ ಕಂದು ಬಣ್ಣ ಬರುತ್ತದೆ. ಈ ಕೋಶಗಳಲ್ಲಿ ಇರುವ ಕ್ರೋಮೋಗ್ರಾನಿನ್ ಮತ್ತು ಸಿನಾಪ್ಟೋಫೈಸಿನ್ ಎನ್ನುವ ಎರಡು ಪ್ರೋಟೀನ್ ಹುಡುಕುವುದು ಕಡ್ಡಾಯ. ಈಗೀಗ ಐಎನ್‌ಎಸ್‌ಎಂ1 ಅನ್ನೂ ಬಳಸುತ್ತಾರೆ. ಸಿಡಿ56 ಅಂತ ಇನ್ನೊಂದಿದೆ, ಅದು ಊರೆಲ್ಲ ಸುತ್ತುವ ಮನುಷ್ಯ, ಬೇರೆ ಎಷ್ಟೋ ಕೋಶಗಳಲ್ಲೂ ಸಿಗುತ್ತದೆ. ಅದೊಂದೇ ಪಾಸಿಟಿವ್ ಆದರೆ ನಾನು ನಂಬುವುದಿಲ್ಲ. ಬಣ್ಣ ಬಂತು ಅಂತ ಹಿಗ್ಗುವುದೂ ತಪ್ಪು, ಬರಲಿಲ್ಲ ಅಂತ ಕೈಬಿಡುವುದೂ ತಪ್ಪು. ಗುದನಾಳದ ಇಂಥ ಗಡ್ಡೆಗಳಲ್ಲಿ ಕ್ರೋಮೋಗ್ರಾನಿನ್ ಎಷ್ಟೋ ಸಲ ಬರುವುದೇ ಇಲ್ಲ. ಇತ್ತ ಥೈರಾಯ್ಡ್‌ನ ಮೆಡುಲರಿ ಕ್ಯಾನ್ಸರ್ ಲಿವರ್‌ಗೆ ಹರಡಿದರೆ ಅದೂ ಇವೇ ಬಣ್ಣ ತೋರಿಸುತ್ತದೆ.

ಈಗ ನಿಮ್ಮ ಜಗಳದ ಮೂಲಕ್ಕೆ ಬರೋಣ: ಕಿ-67.

ಹೆಸರು ಜರ್ಮನಿಯ ಕೀಲ್ ಊರಿನದ್ದು. ಅಲ್ಲಿನ ಪ್ರಯೋಗಾಲಯದಲ್ಲಿ ಸಾಲು ಸಾಲು ಗುಳಿಗಳ ತಟ್ಟೆಯಲ್ಲಿ 67ನೇ ಗುಳಿಯಲ್ಲಿ ಈ ಆಂಟಿಬಾಡಿ ಸಿಕ್ಕಿತು, 1983ರಲ್ಲಿ ಪ್ರಕಟವಾಯಿತು. ಕೋಶ ಎರಡಾಗುವ ತಯಾರಿಯಲ್ಲಿದ್ದರೆ ಮಾತ್ರ ಈ ಪ್ರೋಟೀನ್ ಇರುತ್ತದೆ. ಸುಮ್ನೆ ಕೂತ ಕೋಶದಲ್ಲಿ ಇರುವುದಿಲ್ಲ. ಅಂದರೆ ನೂರರಲ್ಲಿ ಎಷ್ಟು ಕೋಶ ಕಂದಾಗಿವೆ ಎಂದು ಎಣಿಸಿದರೆ ಗಡ್ಡೆಯ ವೇಗ ತಿಳಿಯುತ್ತದೆ. ಜೀರ್ಣಾಂಗಗಳ ಗಡ್ಡೆಗೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕ ಹೀಗಿದೆ: ಶೇ. 3ಕ್ಕಿಂತ ಕಡಿಮೆ ಇದ್ದರೆ ಗ್ರೇಡ್ 1, ಶೇ. 3ರಿಂದ 20 ಗ್ರೇಡ್ 2, ಶೇ. 20 ದಾಟಿದರೆ ಗ್ರೇಡ್ 3. ಇದರ ಜೊತೆ, ಆಗಲೇ ಎರಡಾಗಿ ಒಡೆಯುತ್ತಿರುವ ಕೋಶಗಳನ್ನೂ ಬೇರೆಯಾಗಿ ಎಣಿಸುತ್ತೇವೆ. ಎರಡು ಲೆಕ್ಕಕ್ಕೆ ತಾಳೆಯಾಗದಿದ್ದರೆ ಯಾವುದು ಹೆಚ್ಚು ಗ್ರೇಡ್ ತೋರಿಸುತ್ತದೋ ಅದನ್ನು ಬರೆಯಬೇಕು.

ಕಾಗದದ ಮೇಲೆ ಗೆರೆ ಸ್ಪಷ್ಟ. ಸ್ಲೈಡಿನ ಮೇಲೆ ನೋಡಿ. ಕನಿಷ್ಠ 500 ಕೋಶ ಎಣಿಸಬೇಕು ಎಂಬುದು ನಿಯಮ. 500ರಲ್ಲಿ 14 ಕಂದಾಗಿದ್ದರೆ ಶೇ. 2.8, ಅದು ಗ್ರೇಡ್ 1. ಇನ್ನೊಂದೇ ಒಂದು ಕೋಶ ಕಂದಾಗಿ 15 ಆದರೆ ಶೇ. 3, ಗ್ರೇಡ್ 2. ಒಂದು ಕೋಶದಲ್ಲಿ ಗ್ರೇಡ್ ಬದಲು! 2010ರ ನಿಯಮದಲ್ಲಿ ಇನ್ನೂ ತಮಾಷೆ ಇತ್ತು: ಶೇ. 2ರವರೆಗೆ ಗ್ರೇಡ್ 1, ಶೇ. 3ರಿಂದ ಗ್ರೇಡ್ 2. ಎರಡೂವರೆ ಬಂದವರು ಎಲ್ಲಿಗೆ ಹೋಗಬೇಕು? ಆಮೇಲೆ ಅದನ್ನು ಸರಿ ಮಾಡಿದರು.

ನಿಮ್ಮ ಎರಡು ರಿಪೋರ್ಟ್‌ಗಳನ್ನು ಇದೇ ಲೆಕ್ಕಕ್ಕೆ ಇಳಿಸಿದರೆ ಒಬ್ಬರಿಗೆ 500ರಲ್ಲಿ 10 ಕಂಡಿದೆ, ಇನ್ನೊಬ್ಬರಿಗೆ 30. ವ್ಯತ್ಯಾಸ ಎಲ್ಲಿಂದ ಬರುತ್ತದೆ? ಗಡ್ಡೆಯ ಎಲ್ಲ ಕಡೆ ಕೋಶಗಳು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಎಲ್ಲಿ ಕಂದು ಚುಕ್ಕಿ ದಟ್ಟವಾಗಿದೆಯೋ ಅಲ್ಲೇ ಎಣಿಸಬೇಕು, ಹಾಟ್‌ಸ್ಪಾಟ್ ಅನ್ನುತ್ತೇವೆ. ಒಬ್ಬರ ಪದರದಲ್ಲಿ ಆ ಜಾಗ ಬಂದಿರಲಿಕ್ಕಿಲ್ಲ. ಉಲ್ಟಾ ಕೂಡ ಆಗಬಹುದು: ಗಡ್ಡೆಯ ನಡುವೆ ನುಸುಳಿದ ಲಿಂಫೋಸೈಟ್ ಎನ್ನುವ ಬಿಳಿ ರಕ್ತಕಣಗಳೂ ಕಂದಾಗುತ್ತವೆ. ಅವನ್ನೂ ಸೇರಿಸಿ ಎಣಿಸಿದರೆ ಸಂಖ್ಯೆ ಸುಳ್ಳೇ ಏರುತ್ತದೆ. ಮೂರನೆಯದು, ಹೇಳಲಿಕ್ಕೆ ನಾಚಿಕೆ, ಕಣ್ಣಂದಾಜು. ಕೆಲಸದ ಒತ್ತಡದಲ್ಲಿ ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಇಣುಕಿ "ಸುಮಾರು ಶೇ. 2" ಅಂತ ಬರೆಯುವುದು.

ನಾನೂ ಬರೆದಿದ್ದೇನೆ. ಕೆಲವು ವರ್ಷದ ಹಿಂದೆ ಟ್ಯೂಮರ್ ಬೋರ್ಡ್ ಎನ್ನುವ, ಡಾಕ್ಟರುಗಳೆಲ್ಲ ಸೇರಿ ಕ್ಯಾನ್ಸರ್ ರೋಗಿಗಳ ಬಗ್ಗೆ ಚರ್ಚಿಸುವ ಮೀಟಿಂಗ್‌ನಲ್ಲಿ ಕಿರಿಯ ಕ್ಯಾನ್ಸರ್ ಡಾಕ್ಟರ್ ಒಬ್ಬರು "ಎಷ್ಟು ಕೋಶ ಎಣಿಸಿದಿರಿ ಮೇಡಂ?" ಎಂದು ಕೇಳಿದರು. ಉತ್ತರ ಇರಲಿಲ್ಲ. ವಾಪಸ್ ಬಂದು ಎಣಿಸಿದೆ: 500ರಲ್ಲಿ 19, ಅಂದರೆ ಶೇ. 3.8. ಅವತ್ತಿನಿಂದ ಹಾಟ್‌ಸ್ಪಾಟ್‌ನ ಫೋಟೋ ತೆಗೆದು ಎ4 ಹಾಳೆಗೆ ಪ್ರಿಂಟ್ ಹಾಕುತ್ತೇನೆ. ಕಂದು ಕೋಶಕ್ಕೆ ಕೆಂಪು ಪೆನ್ನಿನಲ್ಲಿ ಗೀಟು, ನೀಲಿ ಕೋಶಕ್ಕೆ ನೀಲಿ ಪೆನ್ನಿನಲ್ಲಿ ಚುಕ್ಕಿ. ಹತ್ತು ಹದಿನೈದು ನಿಮಿಷದ ಕೆಲಸ. ಅದೇ ಹಾಳೆಯ ಇನ್ನೊಂದು ಪ್ರತಿಯನ್ನು ಪಿಜಿ ವಿದ್ಯಾರ್ಥಿಗೆ ಕೊಟ್ಟು ಎಣಿಸಲು ಹೇಳುತ್ತೇನೆ. ನಮ್ಮಿಬ್ಬರ ಸಂಖ್ಯೆ ಅಪರೂಪಕ್ಕೆ ಒಂದೇ ಆಗುತ್ತದೆ, ಆದರೆ ಹತ್ತಿರ ಇರುತ್ತದೆ. ಮಬ್ಬಾಗಿ ಕಂದಾದ ಕೋಶವನ್ನು ಹಿಡಿಯಬೇಕಾ ಬಿಡಬೇಕಾ ಎನ್ನುವಲ್ಲೇ ಜಗಳ.

ಹಾಗಾಗಿ "ಯಾರನ್ನು ನಂಬುವುದು" ಎನ್ನುವ ಬದಲು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಎಷ್ಟು ಕೋಶ ಎಣಿಸಿದಿರಿ, ಎಲ್ಲಿ ಎಣಿಸಿದಿರಿ? ಹಾಟ್‌ಸ್ಪಾಟ್‌ನಲ್ಲಿ 500ಕ್ಕಿಂತ ಹೆಚ್ಚು ಎಣಿಸಿ ಶೇ. 6 ಬಂದಿದ್ದರೆ ನಾನು ಅದನ್ನೇ ಹಿಡಿಯುತ್ತೇನೆ, ಗ್ರೇಡ್ 2 ಅಂತಲೇ ಬರೆಯುತ್ತೇನೆ. ಜೊತೆಗೆ ಒಂದು ಮಾತು. 2ಕ್ಕೂ 6ಕ್ಕೂ ನಡುವೆ ಗ್ರೇಡಿನ ಗೆರೆ ಇದ್ದರೂ ಗಡ್ಡೆಯ ಸ್ವಭಾವದಲ್ಲಿ ಅಜಗಜಾಂತರ ಇಲ್ಲ. ಎರಡೂ ನಿಧಾನದವೇ. ಮೊದಲ ಚಿಕಿತ್ಸೆ ಈ ಎರಡು ಸಂಖ್ಯೆಗೆ ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತದೆ. ಒಬ್ಬರು 6, ಇನ್ನೊಬ್ಬರು 60 ಅಂದಿದ್ದರೆ ನಾನೇ ನಿಮ್ಮನ್ನು ಅವತ್ತೇ ಬ್ಲಾಕ್ ಹಿಡಿದು ಓಡಿಸುತ್ತಿದ್ದೆ.

ಯಾಕೆಂದರೆ ಆ ಕಡೆ ಇರುವುದು ಬೇರೆಯೇ ಪ್ರಾಣಿ. ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ ಅಂತ ಅದರ ಹೆಸರು. ಟ್ಯೂಮರ್ ಮತ್ತು ಕಾರ್ಸಿನೋಮಾ, ಒಂದು ಪದದ ವ್ಯತ್ಯಾಸ ಅಷ್ಟೇ, ಆದರೆ ಅದು ಬೇಗ ಬೆಳೆಯುತ್ತದೆ, ಕಿಮೋ ಬೇರೆ. ಇಲ್ಲಿ ತಪ್ಪು ಮಾಡುವುದು ಎಷ್ಟು ಸುಲಭ ಅಂತ ನಾನು ಪಿಜಿ ಮಾಡುವಾಗಲೇ ಕಂಡಿದ್ದೇನೆ. ಶ್ವಾಸಕೋಶದ ಒಂದು ಬಯಾಪ್ಸಿ. ಇಕ್ಕಳದಲ್ಲಿ ಹಿಚುಕಿ ತೆಗೆದದ್ದರಿಂದ ಕೋಶಗಳೆಲ್ಲ ನೀಲಿ ಶಾಯಿ ಒರಸಿದ ಹಾಗೆ ಎಳೆದುಹೋಗಿದ್ದವು. ಹಾಗೆ ಒರಸಿಹೋಗುವುದು ಸ್ಮಾಲ್ ಸೆಲ್ ಕಾರ್ಸಿನೋಮಾದ, ಅಂದರೆ ಈ ಬೇಗ ಬೆಳೆಯುವ ಜಾತಿಯದ್ದೇ ಒಂದರ ಲಕ್ಷಣ ಅಂತ ಓದಿದ್ದೆ. ಅದನ್ನೇ ಬರೆದು ಸರ್ ಎದುರು ಹಿಡಿದೆ. ಅವರು ಸಹಿ ಹಾಕಲಿಲ್ಲ. "ಹಿಚುಕಿದರೆ ಯಾರಾದರೂ ಹೀಗೇ ಕಾಣುತ್ತಾರೆ, ಕಿ-67 ಮಾಡಿಸು" ಅಂದರು. ಕಂದಾದದ್ದು ಬೆರಳೆಣಿಕೆಯಷ್ಟು ಕೋಶ. ಸ್ಮಾಲ್ ಸೆಲ್ ಆಗಿದ್ದರೆ ಅರ್ಧಕ್ಕಿಂತ ಜಾಸ್ತಿ ಕಂದಾಗಬೇಕಿತ್ತು. ಅದು ಶ್ವಾಸಕೋಶದ ಕಾರ್ಸಿನಾಯ್ಡ್, ಆಪರೇಷನ್‌ನಲ್ಲಿ ಮುಗಿಯುವಂಥದ್ದು. ನನ್ನ ರಿಪೋರ್ಟ್ ಹೋಗಿದ್ದರೆ ಅವರಿಗೆ ಕಿಮೋ ಶುರುವಾಗುತ್ತಿತ್ತು.

ಲಿವರ್ ನೋಡಿ ಕರುಳು ಅಂತ ಹೇಗೆ ಹೇಳಿದರು? ಕೋಶ ಎಲ್ಲಿಗೆ ಹೋದರೂ ಹುಟ್ಟೂರಿನ ಗುರುತು ಸ್ವಲ್ಪ ಉಳಿಸಿಕೊಂಡಿರುತ್ತದೆ. ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರೂ ಬಾಯಿ ಬಿಟ್ಟರೆ ಕುಂದಾಪ್ರ ಕನ್ನಡ ಗೊತ್ತಾಗುತ್ತದಲ್ಲ, ಹಾಗೆ. ಆ ಗುರುತಿನ ಪ್ರೋಟೀನ್‌ಗಳನ್ನೂ ಇಮ್ಯುನೋದಲ್ಲೇ ಹುಡುಕುತ್ತೇವೆ: ಸಿಡಿಎಕ್ಸ್2 ಕಂದಾದರೆ ಕರುಳಿನ ಕಡೆ ಬೆರಳು, ಟಿಟಿಎಫ್-1 ಆದರೆ ಶ್ವಾಸಕೋಶ, ಐಲೆಟ್-1 ಆದರೆ ಪ್ಯಾಂಕ್ರಿಯಾಸ್. ಇವು ಸುಳಿವುಗಳು, ಸಾಕ್ಷಿಯಲ್ಲ. ಅದಕ್ಕೇ ಎರಡನೇ ಲ್ಯಾಬ್‌ನವರು "ಇರಬಹುದು" ಅಂತ ಬರೆದಿದ್ದಾರೆ, ಆ ಪದ ನನಗೆ ಇಷ್ಟವಾಯಿತು. ಸಣ್ಣ ಕರುಳಿನ ಮೂಲ ಗಡ್ಡೆ ಕೆಲವೊಮ್ಮೆ ಬಟಾಣಿಯಷ್ಟೇ ಇದ್ದು, ಲಿವರ್‌ನಲ್ಲಿ ಮಾತ್ರ ದೊಡ್ಡದಾಗಿ ಕಾಣುತ್ತದೆ. ಮಾಮೂಲಿ ಸ್ಕ್ಯಾನ್‌ನಲ್ಲಿ ಸಿಗದ ಅಂಥದ್ದನ್ನು ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್ ಎಷ್ಟೋ ಸಲ ಹಿಡಿದುಕೊಡುತ್ತದೆ. ಈ ಕೋಶಗಳ ಮೈಮೇಲೆ ಇರುವ, ಸೊಮ್ಯಾಟೋಸ್ಟ್ಯಾಟಿನ್ ಎನ್ನುವ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್‌ಗೆ ಹೋಗಿ ಅಂಟುವ ಔಷಧಿಯಿಂದ ಮಾಡುವ ಸ್ಕ್ಯಾನ್ ಅದು. ನಿಮ್ಮ ಡಾಕ್ಟರ್ ಇನ್ನೂ ಬರೆದಿಲ್ಲವಾದರೆ ಕೇಳಿ ನೋಡಿ.

ಅಮ್ಮನ ಭೇದಿಗೂ ಇದಕ್ಕೂ ನಂಟು ಇರುವ ಸಾಧ್ಯತೆ ಸಾಕಷ್ಟಿದೆ. ಸಣ್ಣ ಕರುಳಿನ ಗಡ್ಡೆ ಸಿರೊಟೋನಿನ್ ಎನ್ನುವ ಹಾರ್ಮೋನ್ ಬಿಡುತ್ತದೆ. ಗಡ್ಡೆ ಕರುಳಿನಲ್ಲಷ್ಟೇ ಇರುವಾಗ ಲಿವರ್ ಅದನ್ನು ಮುರಿದು ಹಾಕುತ್ತದೆ. ಲಿವರ್‌ನಲ್ಲೇ ಗಡ್ಡೆ ಕೂತ ಮೇಲೆ ಅದು ನೇರ ರಕ್ತಕ್ಕೆ ಸೇರುತ್ತದೆ. ಆಗ ಭೇದಿ, ಇದ್ದಕ್ಕಿದ್ದಂತೆ ಮುಖ ಕೆಂಪಾಗಿ ಬಿಸಿಯಾಗುವುದು. ಅಮ್ಮನನ್ನು ಒಮ್ಮೆ ಕೇಳಿ. ಈ ವಯಸ್ಸಿನ ಹೆಂಗಸರು ಮುಟ್ಟು ನಿಂತ ಮೇಲಿನ ಬಿಸಿ ಅಂತ ತಿಳಿದು ಯಾರಿಗೂ ಹೇಳಿರುವುದಿಲ್ಲ. ಹೌದು ಅಂದರೆ, ಮುಂದೆ ಯಾವುದೇ ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನು ಹೇಳಲೇಬೇಕು. ಅರಿವಳಿಕೆ ಹೊತ್ತಿನಲ್ಲಿ ಈ ಹಾರ್ಮೋನ್‌ಗಳು ಒಮ್ಮೆಲೇ ನುಗ್ಗಿ ಬಿಪಿ ಏರುಪೇರಾಗಬಹುದು.

ರಕ್ತದ ಕ್ರೋಮೋಗ್ರಾನಿನ್‌ಗೆ ಅಷ್ಟು ಹೆದರಬೇಡಿ. ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ಅಂತ ನೀವೇ ಬರೆದಿದ್ದೀರಿ. ಆ ಮಾತ್ರೆ ಆಸಿಡ್ ಇಳಿಸುತ್ತದೆ. ಆಸಿಡ್ ಇಳಿದರೆ ದೇಹ ಗ್ಯಾಸ್ಟ್ರಿನ್ ಎನ್ನುವ ಹಾರ್ಮೋನ್ ಏರಿಸುತ್ತದೆ, ಗ್ಯಾಸ್ಟ್ರಿನ್ ಏರಿದರೆ ಜಠರದಲ್ಲಿರುವ ಇದೇ ಜಾತಿಯ ಒಳ್ಳೆಯ ಕೋಶಗಳು ಕ್ರೋಮೋಗ್ರಾನಿನ್ ಸುರಿಸುತ್ತವೆ. ಗಡ್ಡೆಯೇ ಇಲ್ಲದವರಲ್ಲೂ ಸಂಖ್ಯೆ ಮೇಲೇರುತ್ತದೆ. ಕಿಡ್ನಿ ಕೆಟ್ಟವರಲ್ಲೂ ಹೀಗೇ. ಡಾಕ್ಟರ್ ಒಪ್ಪಿದರೆ ಎರಡು ವಾರ ಮಾತ್ರೆ ನಿಲ್ಲಿಸಿ ಮತ್ತೆ ಮಾಡಿಸಬಹುದು. ನೀವಾಗಿ ನಿಲ್ಲಿಸಬೇಡಿ. ಏನೇ ಆದರೂ ಅಮ್ಮನ ಕಾಯಿಲೆ ಗೊತ್ತಾಗಿರುವುದು ಚೂರಿನಿಂದ, ಆ ರಕ್ತದ ಸಂಖ್ಯೆಯಿಂದಲ್ಲ.

ಮೂರನೇ ಅಭಿಪ್ರಾಯಕ್ಕೆ ಹೋಗುವುದಾದರೆ ಬರೀ ರಿಪೋರ್ಟ್ ಹಿಡಿದು ಹೋಗಬೇಡಿ. ಲ್ಯಾಬ್‌ನಿಂದ ಬ್ಲಾಕ್ ಮತ್ತು ಎಲ್ಲ ಸ್ಲೈಡ್, ಇಮ್ಯುನೋ ಸ್ಲೈಡ್ ಸಮೇತ, ಬರೆದುಕೊಟ್ಟು ಪಡೆಯಿರಿ. ಮಾಮೂಲಿ ಪದ್ಧತಿ ಅದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸ್ಕ್ಯಾನ್ ರಿಪೋರ್ಟ್ ಕೂಡ ಒಯ್ಯಿರಿ, ನಮಗೆ ಗಡ್ಡೆ ಎಲ್ಲಿದೆ ಎನ್ನುವುದು ಗೊತ್ತಿದ್ದರೆ ಅರ್ಧ ದಾರಿ ಸಲೀಸು. ಬ್ಲಾಕನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಹಾಗೆ ಇಟ್ಟು, ಮೇಣ ಕರಗಿ ಕ್ಯಾಸೆಟ್‌ಗೆ ಅಂಟಿದ ಚೂರನ್ನು ತಂದವರು ನನ್ನಲ್ಲಿಗೇ ಬಂದಿದ್ದಾರೆ. ಚೂರು ಸಣ್ಣದು, ಪ್ರತಿ ಸಲ ಕತ್ತರಿಸಿದಾಗಲೂ ಸವೆಯುತ್ತದೆ. ನಾಲ್ಕೈದು ಲ್ಯಾಬ್ ಸುತ್ತಿಸಿದರೆ ಕೊನೆಗೆ ಬರೀ ಮೇಣ ಉಳಿಯುತ್ತದೆ.

ಡಾಕ್ಟರ್ 24 ಗಂಟೆಯ ಮೂತ್ರ ಹಿಡಿದು 5-ಎಚ್‌ಐಎಎ ಪರೀಕ್ಷೆಗೂ ಹೇಳಬಹುದು. ಸಿರೊಟೋನಿನ್ ಕೊನೆಗೆ ಆ ರೂಪದಲ್ಲಿ ಹೊರಗೆ ಹೋಗುತ್ತದೆ. ಕೆಲವು ಹಣ್ಣುಗಳಲ್ಲೂ ಸಿರೊಟೋನಿನ್ ಇರುವುದರಿಂದ ಮೂರು ದಿನ ಮೊದಲಿಂದ, ಮೂತ್ರ ಹಿಡಿದು ಮುಗಿಯುವವರೆಗೆ, ಪಥ್ಯ ಮಾಡಬೇಕು: ಬಾಳೆಹಣ್ಣು, ಅನಾನಸು, ಟೊಮೆಟೊ, ಅಕ್ರೋಟು ಬೇಡ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಬಾಳೆಹಣ್ಣು ತಿಂದಿಲ್ಲ ಡಾಕ್ಟ್ರೇ ಅಂತಾರೆ, ಬೆಳಿಗ್ಗೆ ಎರಡು ಬನ್ಸ್ ತಿಂದಿರುತ್ತಾರೆ. ಬನ್ಸ್ ಹಿಟ್ಟಿಗೆ ಹಾಕುವುದೇ ಬಾಳೆಹಣ್ಣು ಅಲ್ವಾ? ಅನಾನಸು ಮೆಣಸ್ಕಾಯಿಯೂ ಆ ದಿನಗಳಲ್ಲಿ ಬೇಡ. ಮೂತ್ರದ ಕ್ಯಾನ್ ಲ್ಯಾಬ್‌ಗೆ ಕೊಟ್ಟು ಬಂದ ಮೇಲೆ ಅಮ್ಮ ಬನ್ಸ್ ತಿನ್ನಬಹುದು.